ಬರೆದವರು ಯಾರು?

ನಮ್ಮ ಸೋದರತ್ತೆಗೆ ಓದು ಅಷ್ಟಕ್ಕಷ್ಟೆ. ಆದರೆ ಮನೆಯ ಮಕ್ಕಳು ನೆಲಕ್ಕೆ ಬೋರಲು ಬಿದ್ದು ಏನಾದರೂ ಗೀಚುತ್ತಿದ್ದರೆ ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು, ‘ಏನೋ ಬರೀತಿದೀಯ ಮಗೂ?’ ಎಂದು ವಿಚಾರಿಸುತ್ತಿದ್ದಳು. ‘ಲೆಕ್ಕ’ ಎಂದರೆ ‘ಬರಿ ಬರಿ’ ಎಂದು ಒಳಗೆ ಹೋಗುತ್ತಿದ್ದಳು. ‘ಆನೆ’ ಎಂದರೆ ಅಲ್ಲೇ ಕುಕ್ಕರಗಾಲಲ್ಲಿ ಕೂತು, ‘ಬಾಲ ಎಲ್ಲೋ? ಯಾರು ಕಿತ್ಕೊಂಡ್ರು?’ ಎಂದು ತಿದ್ದುತ್ತಿದ್ದಳು. ಲೆಕ್ಕಕ್ಕೂ ಆನೆಗೂ ಅವಳ ಬಾಯಲ್ಲಿ ಒಂದೇ ಕ್ರಿಯಾಪದ. ಅವಳೊಬ್ಬಳದೇ ಅಲ್ಲ, ನಮ್ಮ ಭಾಷೆಯದೇ ಹಾಗೆ. ಕಾಗದ ಬರೆಯುತ್ತೇವೆ, ಕವನ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಬ್ರಹ್ಮ ನಮ್ಮ ಹಣೆಯ ಮೇಲೆ ಏನೋ ಬರೆದಿದ್ದಾನೆ ಎನ್ನುತ್ತಾರಲ್ಲ, ಅದು ಅಕ್ಷರವೋ ಚಿತ್ರವೋ ಕಂಡವರಿಲ್ಲ. ನನ್ನ ಹಣೆಯ ಮಟ್ಟಿಗೆ ವ್ಯಂಗ್ಯಚಿತ್ರವೇ ಇರಬೇಕು ಎಂದು ನನ್ನ ಹೆಂಡತಿಯ ಗುಮಾನಿ.

ಒಂದೇ ಕ್ರಿಯಾಪದದ ಸಂಸಾರದಲ್ಲಿ ಇಬ್ಬರು ಇದ್ದರೆ ತಕರಾರು ತಪ್ಪಿದ್ದಲ್ಲ. ವಾರಪತ್ರಿಕೆಯಲ್ಲಿ ಕಥೆ ಬಂದಾಗ ಮೇಲೆ ‘ಕಥೆ: ಇಂಥವರು’ ಎಂದು ದಪ್ಪ ಅಕ್ಷರ, ಕೆಳಗೆ ಇರುವೆ ಸಾಲಿನಷ್ಟು ಸಣ್ಣಗೆ ‘ಚಿತ್ರ: ಅಂಥವರು’ ಎಂದು. ಕೆಲವೊಮ್ಮೆ ಅದೂ ಇರುವುದಿಲ್ಲ, ಚಿತ್ರದ ಮೂಲೆಯಲ್ಲಿ ಹುಲ್ಲಿನ ನಡುವೆ ಬಚ್ಚಿಟ್ಟ ಒಂದು ಸಹಿ ಮಾತ್ರ. ಕಮಲೇಶ್, ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್ ಇವರ ಸಹಿಗಳನ್ನು ನಾನು ಹುಲ್ಲಿನಲ್ಲಿ ಸೂಜಿ ಹುಡುಕಿದ ಹಾಗೆ ಹುಡುಕಿಯೇ ಕಲಿತದ್ದು. ಕಥೆ ಬರೆದವನಿಗೆ ಅದು ಊಟ, ಚಿತ್ರ ಬರೆದವನಿಗೆ ಎಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿ ಎಂಬ ಭಾವನೆ. ನನಗೂ ಅದೇ ಭಾವನೆ ಇತ್ತು. ಅದನ್ನು ಒಂದು ಸೈಕಲ್ಲು ಕೆಡಿಸಿತು.

ಎಂಬತ್ತರ ದಶಕದ ಮಾತು. ನಾನೊಂದು ಕಥೆ ಬರೆದು ಒಂದು ವಾರಪತ್ರಿಕೆಗೆ ಕಳಿಸಿದ್ದೆ. ಪಾಲಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರ ಕಥೆ. ಹತ್ತು ವರ್ಷದ ಮೇಲೆ ತಮ್ಮ ಒಂದು ಸಂಜೆ ಮನಸ್ಸು ಗಟ್ಟಿಮಾಡಿ ಅಣ್ಣನ ಮನೆಯ ಗೇಟಿನ ತನಕ ಸ್ಕೂಟರಿನಲ್ಲಿ ಬರುತ್ತಾನೆ. ಅಲ್ಲಿಗೆ ಸರಿಯಾಗಿ ಸ್ಕೂಟರು ಕೆಟ್ಟು ನಿಲ್ಲುತ್ತದೆ. ಕಿಕ್ ಹೊಡೆಯುತ್ತಾನೆ, ಓರೆ ಮಾಡುತ್ತಾನೆ, ಪ್ಲಗ್ ಬಿಚ್ಚಿ ಒರೆಸುತ್ತಾನೆ. ಅಷ್ಟರಲ್ಲಿ ಕತ್ತಲಾಗಿ, ಮನಸ್ಸು ಬದಲಾಗಿ, ಗಾಡಿ ತಳ್ಳಿಕೊಂಡು ವಾಪಸು ಹೋಗುತ್ತಾನೆ. ಸ್ಕೂಟರಿಗೆ ವರ್ಷಗಟ್ಟಲೆ ಮುಂಚೆ ದುಡ್ಡು ಕಟ್ಟಿ ಕಾಯುತ್ತಿದ್ದ ಕಾಲ ಅದು, ಕಥೆಯಲ್ಲಿ ಸ್ಕೂಟರ್ ಇದ್ದರೆ ಒಂದು ಗತ್ತು. ಕಿಕ್ ಹೊಡೆಯುವುದನ್ನೇ ಒಂದು ಪುಟ ವರ್ಣಿಸಿದ್ದೆ.

ಪತ್ರಿಕೆ ಕೈಗೆ ಬಂತು. ತೆರೆದು ನೋಡಿದರೆ ಚಿತ್ರದಲ್ಲಿ ಸೈಕಲ್ಲು! ದೊಡ್ಡ ಗೇಟು, ಗೇಟಿನ ಮೇಲೆ ಬಾಗಿದ ಒಂದು ಕೊಂಬೆ, ನಮಗೆ ಬೆನ್ನು ಹಾಕಿ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತ ಒಬ್ಬ ಮನುಷ್ಯ. ಅಷ್ಟೆ. ನನ್ನ ಪಿತ್ತ ನೆತ್ತಿಗೇರಿತು. ಒಂದು ಪುಟ ಕಿಕ್ ಹೊಡೆದದ್ದು ಯಾವ ಪುರುಷಾರ್ಥಕ್ಕೆ? ತಿಪಟೂರಿನ ಒಬ್ಬ ಓದುಗರು ಪತ್ರಿಕೆಗೆ ಕಾರ್ಡು ಬರೆದರು: ಸೈಕಲ್ಲಿಗೆ ಕಿಕ್ ಹೊಡೆಯುವ ಬಗೆಯನ್ನು ಲೇಖಕರು ದಯವಿಟ್ಟು ತಿಳಿಸಬೇಕು ಎಂದು. ಉಳಿದವರೆಲ್ಲ ಚಿತ್ರವನ್ನು ನೋಡಿದರು, ಕಥೆಯನ್ನು ಓದಿದರು, ಎರಡನ್ನೂ ಮನಸ್ಸಿನಲ್ಲಿ ಕಲಸಿಕೊಂಡರು. ಮದುವೆ ಮನೆಯಲ್ಲಿ ಸಿಕ್ಕವರು, ‘ನೀವಲ್ಲವಾ ಆ ಸೈಕಲ್ ಕಥೆ ಬರೆದದ್ದು?’ ಎಂದು ಕೇಳತೊಡಗಿದರು.

ಕಲಾವಿದರನ್ನು ಹುಡುಕಿಕೊಂಡು ಹೋದೆ. ಗಾಂಧಿಬಜಾರಿನ ಸಂದಿಯೊಂದರಲ್ಲಿ ಮಹಡಿ ಮೇಲಿನ ಕೋಣೆ. ಜಗಳಕ್ಕೆಂದೇ ಹೋದವನಿಗೆ ಅರ್ಧ ಲೋಟ ಕಾಫಿ ಕೊಟ್ಟರು. ‘ಸಾರ್, ಕಥೆ ನನ್ನ ಕೈಗೆ ಬರಲಿಲ್ಲ. ಉಪಸಂಪಾದಕರು ಫೋನು ಮಾಡಿ, ಅಣ್ಣ, ತಮ್ಮ, ಗೇಟು, ಗಾಡಿ, ಸಂಜೆ ಐದಕ್ಕೆ ಚಿತ್ರ ಬೇಕು ಅಂದ್ರು. ಯಾವ ಗಾಡಿ ಅಂತ ಕೇಳೋ ಹೊತ್ತಿಗೆ ಲೈನು ಕಟ್ಟಾಯ್ತು. ಎತ್ತಿನ ಗಾಡಿ ಬರೀಲಿಲ್ಲವಲ್ಲ, ಸಂತೋಷಪಡಿ.’ ಆಮೇಲೆ ಸ್ವಲ್ಪ ತಡೆದು, ‘ನಿಜ ಹೇಳ್ಬೇಕು ಅಂದ್ರೆ ಸ್ಕೂಟರ್ ಅಂತ ಗೊತ್ತಿದ್ರೂ ಬರೀತಿರಲಿಲ್ಲವೇನೋ. ಸ್ಕೂಟರ್ ಅಂದ್ರೆ ಒಂದು ಡಬ್ಬ. ಸೈಕಲ್ ಅಂದ್ರೆ ಎರಡು ಸೊನ್ನೆ, ನಾಲ್ಕು ಗೆರೆ. ಮಧ್ಯೆ ಗಾಳಿ ಆಡುತ್ತೆ’ ಎಂದರು.

ಮನೆಗೆ ಬರುವ ದಾರಿಯುದ್ದಕ್ಕೂ ಆ ಗಾಳಿಯದೇ ಯೋಚನೆ. ಸ್ಕೂಟರು ಕೆಟ್ಟಿದ್ದರಿಂದ ನನ್ನ ಕಥೆಯ ತಮ್ಮನಿಗೆ ಒಂದು ನೆಪ ಸಿಕ್ಕಿತ್ತು. ಸೈಕಲ್ಲು ಕೆಡುವುದಿಲ್ಲ. ಚಿತ್ರದಲ್ಲಿದ್ದವನಿಗೆ ಒಳಗೆ ಹೋಗದಿರಲು ಯಾವ ಕಾರಣವೂ ಇರಲಿಲ್ಲ, ಆದರೂ ಹೋಗದೆ ನಿಂತಿದ್ದ. ಯಾವುದು ಒಳ್ಳೆಯ ಕಥೆ? ಇದನ್ನು ಆಗ ನಾನು ಯಾರಿಗೂ ಹೇಳಲಿಲ್ಲ, ಮಾನ ಮರ್ಯಾದೆಯ ಪ್ರಶ್ನೆ.

ಕಥೆ ಒಬ್ಬರದು, ಚಿತ್ರ ಒಬ್ಬರದು ಎಂಬ ಈ ಅವಿಭಕ್ತ ಕುಟುಂಬದಲ್ಲಿ ಯಾರ ಪಾಲೆಷ್ಟು ಎಂಬ ತಲೆಹರಟೆ ನನಗೆ ಅಂದಿನಿಂದ ಅಂಟಿಕೊಂಡಿತು. ಇಂಥ ವ್ಯಾಜ್ಯಕ್ಕೆ ಮೈಸೂರಿನ ಅಣ್ಣತಮ್ಮಂದಿರಿಗಿಂತ ಒಳ್ಳೆಯ ಸಾಕ್ಷಿ ಸಿಕ್ಕುವುದು ಕಷ್ಟ. ಆರ್.ಕೆ. ನಾರಾಯಣ್ ಮತ್ತು ಆರ್.ಕೆ. ಲಕ್ಷ್ಮಣ್. ಅಣ್ಣ ಹುಟ್ಟಿದ್ದು 1906ರಲ್ಲಿ, ತಮ್ಮ 1921ರಲ್ಲಿ. ನಡುವೆ ಹದಿನೈದು ವರ್ಷ. ಅಪ್ಪ ಕೃಷ್ಣಸ್ವಾಮಿ ಅಯ್ಯರ್ ಮೈಸೂರಿನಲ್ಲಿ ಹೆಡ್ಮಾಸ್ತರು. ಎಂಟು ಮಕ್ಕಳಲ್ಲಿ ಲಕ್ಷ್ಮಣ್ ಕೊನೆಯವರು. ಕೊನೆಯ ಮಗುವಿಗೆ ಮನೆಯಲ್ಲಿ ಎರಡು ಸೌಲಭ್ಯ ಇರುತ್ತವೆ, ಒಂದು ಯಾರೂ ಬೈಯುವುದಿಲ್ಲ, ಇನ್ನೊಂದು ದೊಡ್ಡವರು ತಂದುಹಾಕಿದ ಪುಸ್ತಕಗಳೆಲ್ಲ ಕೈಗೆಟುಕುವ ಎತ್ತರದಲ್ಲೇ ಬಿದ್ದಿರುತ್ತವೆ. ಸ್ಟ್ರಾಂಡ್, ಪಂಚ್, ಬೈಸ್ಟ್ಯಾಂಡರ್ ಮುಂತಾದ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳಲ್ಲಿ ಹುಡುಗ ಮುಳುಗಿದ್ದು ಅಕ್ಷರ ಕಲಿಯುವುದಕ್ಕೆ ಮೊದಲೇ. ಬ್ರಿಟನ್ನಿನ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಸಹಿಯನ್ನು ‘ಕೌ’ ಎಂದು ಓದಿಕೊಂಡು, ಇಷ್ಟು ಚೆನ್ನಾಗಿ ಬರೆಯುವವರ ಹೆಸರು ಹಸುವೇ ಎಂದು ಬಹಳ ಕಾಲ ನಂಬಿಕೊಂಡಿದ್ದರಂತೆ. ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡದೆ ಬರೆದರು. ಶಾಲೆಯಲ್ಲಿ ಅರಳಿ ಎಲೆ ಬರೆದಾಗ ಮೇಷ್ಟ್ರು ಮೆಚ್ಚಿದರು. ಹಿತ್ತಿಲಿನ ಕಾಗೆಯಂತೂ ಅವರನ್ನು ಜೀವಮಾನವಿಡೀ ಬಿಡಲಿಲ್ಲ. ನಾವೆಲ್ಲ ಪಿಂಡ ಇಡುವಾಗ ಮಾತ್ರ ಕರೆಯುವ ಹಕ್ಕಿಯನ್ನು ಅವರು ಸುಮ್ಮಸುಮ್ಮನೆ, ಪ್ರೀತಿಗಾಗಿ, ನೂರಾರು ಸಲ ಬರೆದರು.

ಇಲ್ಲಿ ಒಂದು ತಮಾಷೆ ನೋಡಿ. ತಮ್ಮ ಅಣ್ಣನಿಗೆ ಚಿತ್ರ ಬರೆದುಕೊಡುವ ಮೊದಲೇ ಅಣ್ಣ ತಮ್ಮನನ್ನು ಬರೆದು ಮುಗಿಸಿದ್ದರು. ಲಕ್ಷ್ಮಣ್ ಬೀದಿಯ ಹುಡುಗರನ್ನು ಕಟ್ಟಿಕೊಂಡು ಒಂದು ಕ್ರಿಕೆಟ್ ತಂಡ ಮಾಡಿದ್ದರು. ಆ ತಂಡದ ಹೆಸರೇ ರಫ್ ಅಂಡ್ ಟಫ್ ಅಂಡ್ ಜಾಲಿ. ಆ ಪುಂಡಾಟವೆಲ್ಲ ‘ದಿ ರೀಗಲ್ ಕ್ರಿಕೆಟ್ ಕ್ಲಬ್’, ‘ದೋದು’ ಕಥೆಗಳಾಯಿತು. ಎಂದರೆ, ಮುಂದೆ ಚಿತ್ರಗಾರನಾಗಲಿದ್ದವನು ಮೊದಲು ಪಾತ್ರವಾಗಿದ್ದ. ಅಣ್ಣ ಅಕ್ಷರದಲ್ಲಿ ತಮ್ಮನನ್ನು ಬರೆದರು, ಆಮೇಲೆ ತಮ್ಮ ಗೆರೆಯಲ್ಲಿ ಅಣ್ಣನ ಊರನ್ನು ಬರೆದರು. ಲೇಣೆದೇಣೆ ಚುಕ್ತಾ ಎನ್ನುವ ಹಾಗಿಲ್ಲ, ಬಡ್ಡಿ ಬೆಳೆಯುತ್ತಲೇ ಹೋಯಿತು.

ಮಹಾರಾಜಾ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಲಕ್ಷ್ಮಣ್ ‘ದಿ ಹಿಂದೂ’ ಪತ್ರಿಕೆಯಲ್ಲಿ ಬರುತ್ತಿದ್ದ ಅಣ್ಣನ ಕಥೆಗಳಿಗೆ ಚಿತ್ರ ಬರೆಯುತ್ತಿದ್ದರು. ಕಾಲೇಜಿಗೆ ಮುಂಚೆ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದ್ದರು, ಸೇರಿಸಿಕೊಳ್ಳುವಷ್ಟು ಪ್ರತಿಭೆ ಕಾಣುವುದಿಲ್ಲ ಎಂದು ಅಲ್ಲಿನವರು ವಾಪಸು ಕಳಿಸಿದ್ದರು. ಸೇರಿಸಿಕೊಂಡಿದ್ದರೆ ಏನಾಗುತ್ತಿತ್ತು? ಗ್ರೀಕ್ ದೇವತೆಗಳ ಪ್ಲಾಸ್ಟರ್ ಮೂಗನ್ನು ಮೂರು ವರ್ಷ ತಿದ್ದಿಸುತ್ತಿದ್ದರೋ ಏನೋ. ಸೇರಿಸಿಕೊಳ್ಳದ್ದು ಒಳ್ಳೆಯದೇ ಆಯಿತು. ಮೈಸೂರಿನ ಮೂಗುಗಳೇ ಉಳಿದವು. ಕೋಟು, ಪೇಟ, ಕಚ್ಚೆಪಂಚೆ, ಕಂಕುಳಲ್ಲಿ ಕೊಡೆ, ಒಂದು ಕಾಲನ್ನು ಕಟ್ಟೆಯ ಮೇಲಿಟ್ಟು ಇನ್ನೊಂದನ್ನು ಆಡಿಸುತ್ತ ಪತ್ರಿಕೆ ಓದುವವನು, ಅವನ ಭುಜದ ಮೇಲಿಂದ ಬಿಟ್ಟಿ ಓದುವವನು. ವರ್ಷಗಳ ಮೇಲೆ ಅದೇ ಕಲಾಶಾಲೆ ಅವರನ್ನು ಮುಖ್ಯ ಅತಿಥಿಯಾಗಿ ಕರೆಯಿತು.

ಈ ಅಣ್ಣತಮ್ಮಂದಿರ ಜೋಡಿಯಲ್ಲಿ ನನಗೆ ಹೊಟ್ಟೆಕಿಚ್ಚು ಬರಿಸುವುದು ಒಂದೇ ಸಂಗತಿ. ನಾರಾಯಣ್ ತಾವು ಕಲ್ಪಿಸಿದ ಮಾಲ್ಗುಡಿ ಎಂಬ ಊರಿನ ಒಂದು ಅಂಗಡಿ ಎಂದು ಬರೆದರೆ, ಯಾವ ಅಂಗಡಿ ಎಂದು ಲಕ್ಷ್ಮಣ್ ಕೇಳಬೇಕಾಗಿರಲಿಲ್ಲ. ಇಬ್ಬರೂ ಅದೇ ಅಂಗಡಿಯಲ್ಲಿ ಬಾಲ್ಯದಲ್ಲಿ ಪೆಪ್ಪರಮೆಂಟು ಕೊಂಡವರು. ನನ್ನ ‘ಗಾಡಿ’ ಫೋನಿನ ತಂತಿಯಲ್ಲಿ ದಿಕ್ಕು ತಪ್ಪಿದ್ದು ನನಗೂ ಆ ಕಲಾವಿದರಿಗೂ ಒಂದು ಅಂಗಳ ಇಲ್ಲದ್ದರಿಂದ. ನಾರಾಯಣ್ ಬರಹದಲ್ಲಿ ವರ್ಣನೆ ಬಹಳ ಕಡಿಮೆ ಎಂದು ವಿಮರ್ಶಕರು ಹೇಳುತ್ತಾರೆ. ಪಾತ್ರದ ಮೂಗು ಎಷ್ಟುದ್ದ, ಅಂಗಿಯ ಬಣ್ಣ ಯಾವುದು ಎಂದು ಅವರು ಹೆಚ್ಚು ಹೇಳುವುದಿಲ್ಲ. ಮನೆಯಲ್ಲೇ ಒಬ್ಬ ಚಿತ್ರಗಾರ ಇದ್ದಾಗ ಮೂಗಿನ ಚಿಂತೆ ಬರಹಗಾರನಿಗೇಕೆ ಎಂದು ನನ್ನ ಸ್ವಂತ ವ್ಯಾಖ್ಯಾನ. ಇದನ್ನು ಯಾವ ಪ್ರಬಂಧದಲ್ಲೂ ಹುಡುಕಬೇಡಿ.

ಮುಂದೆ ಅಣ್ಣ 1972ರಲ್ಲಿ ರಾಮಾಯಣವನ್ನು, 1978ರಲ್ಲಿ ಮಹಾಭಾರತವನ್ನು ಇಂಗ್ಲಿಷಿನಲ್ಲಿ ಹೇಳಿದಾಗಲೂ ಚಿತ್ರ ತಮ್ಮನದೇ. ನಡುವೆ 1977ರಲ್ಲಿ ಕರ್ನಾಟಕ ಸರ್ಕಾರ ನಾರಾಯಣ್ ಕೈಲಿ ನಮ್ಮ ನಾಡಿನ ಮೇಲೊಂದು ಪ್ರವಾಸ ಪುಸ್ತಕ ಬರೆಸಿತು, ‘ದಿ ಎಮರಾಲ್ಡ್ ರೂಟ್’. ಅದಕ್ಕೂ ಲಕ್ಷ್ಮಣ್ ರೇಖೆಗಳು. ಸರ್ಕಾರಿ ಪ್ರವಾಸ ಪುಸ್ತಕ ಎಂದರೆ ಸಾಮಾನ್ಯವಾಗಿ ಜಲಪಾತ ಮತ್ತು ಮಂತ್ರಿಗಳ ಮುನ್ನುಡಿ. ಈ ಪುಸ್ತಕ ಆ ಜಾತಿಗೆ ಸೇರಿದ್ದಲ್ಲ. ಸರ್ಕಾರದ ಖರ್ಚಿನಲ್ಲಿ ಅಣ್ಣತಮ್ಮ ಹರಟೆ ಹೊಡೆದ ಹಾಗಿದೆ, ನಮ್ಮ ತೆರಿಗೆ ಹಣ ಅಷ್ಟು ಚೆನ್ನಾಗಿ ಖರ್ಚಾದ ಉದಾಹರಣೆ ಹೆಚ್ಚಿಲ್ಲ.

ಎಲ್ಲ ಜೋಡಿಗೂ ಹೀಗೆ ಒಂದೇ ಅಂಗಳ ಇರುವುದಿಲ್ಲವಲ್ಲ. ಇಂಗ್ಲೆಂಡಿನಲ್ಲಿ ಲೂಯಿಸ್ ಕ್ಯಾರಲ್ ಎಂಬ ಗಣಿತದ ಮೇಷ್ಟ್ರು ಆಲಿಸಳ ಕಥೆ ಬರೆದರು. ಮೊದಲಿನ ಹಸ್ತಪ್ರತಿಗೆ ಚಿತ್ರವನ್ನೂ ತಾವೇ ಬರೆದರು, ಗಣಿತದ ಮೇಷ್ಟ್ರು ಬರೆದ ಹಾಗೇ ಇತ್ತು. ಆಮೇಲೆ ಬುದ್ಧಿ ಬಂದು ಜಾನ್ ಟೆನಿಯಲ್ ಎಂಬ ಪಂಚ್ ಪತ್ರಿಕೆಯ ಘಟಾನುಘಟಿಯನ್ನು ಗೊತ್ತುಮಾಡಿದರು. 1865ರಲ್ಲಿ ಎರಡು ಸಾವಿರ ಪ್ರತಿ ಅಚ್ಚಾಯಿತು. ಟೆನಿಯಲ್ ನೋಡಿದರು, ನನ್ನ ಚಿತ್ರಗಳ ಮುದ್ರಣ ಕೆಟ್ಟಿದೆ ಎಂದರು. ಅಷ್ಟೂ ಪ್ರತಿ ರದ್ದು! ಕ್ಯಾರಲ್ ಕೈಯಿಂದ ದುಡ್ಡು ಹಾಕಿ ಮತ್ತೆ ಅಚ್ಚು ಹಾಕಿಸಿದರು. ಕೆಟ್ಟ ಹಾಳೆಗಳನ್ನು ಅಮೆರಿಕಕ್ಕೆ ಮಾರಿದರು, ಅಲ್ಲಿನವರಿಗೆ ಸಾಕು ಅಂದುಕೊಂಡಿರಬೇಕು. ಎರಡನೆಯ ಪುಸ್ತಕದಲ್ಲಿ ಟೋಪನ್ನು ಧರಿಸಿದ ಒಂದು ಕಣಜದ ಪ್ರಸಂಗ ಇತ್ತು. ಇದಕ್ಕೆ ಚಿತ್ರ ತೋಚುತ್ತಿಲ್ಲ, ಪ್ರಸಂಗವೂ ಚೆನ್ನಾಗಿಲ್ಲ ಎಂದು ಟೆನಿಯಲ್ ಕಾಗದ ಬರೆದರು. ಕ್ಯಾರಲ್ ಪ್ರಸಂಗವನ್ನೇ ಕಿತ್ತುಹಾಕಿದರು. ಆ ಹಾಳೆಗಳು ಮತ್ತೆ ಪತ್ತೆಯಾಗಿದ್ದು 1974ರಲ್ಲಿ, ಒಂದು ಹರಾಜಿನಲ್ಲಿ. ಇದನ್ನು ಓದಿದ ಮೇಲೆ ನನ್ನ ಸ್ಕೂಟರಿನ ನೋವು ಅರ್ಧ ಇಳಿಯಿತು. ನನ್ನದು ಬರೀ ಗಾಡಿ ಬದಲಾಯಿಸಿದ್ದು, ಅಧ್ಯಾಯವೇ ಹಾರಿಸಲಿಲ್ಲವಲ್ಲ.

ಇದಕ್ಕೆ ತದ್ವಿರುದ್ಧ ಮಕ್ಕಳ ಕಥೆಗಾರ ರೋಲ್ಡ್ ಡಾಲ್. ಅವರ ಕಥೆಯ ಸೌಮ್ಯ ರಾಕ್ಷಸನಿಗೆ ಚಿತ್ರಗಾರ ಕ್ವೆಂಟಿನ್ ಬ್ಲೇಕ್ ಮೊದಲು ಬೂಟು ಹಾಕಿ ಬರೆದಿದ್ದರು. ಡಾಲ್‌ಗೆ ಅದು ಸರಿಬರಲಿಲ್ಲ. ಹಾಗಾದರೆ ಹೇಗಿರಬೇಕು ಎಂದು ಬಾಯಲ್ಲಿ ವಿವರಿಸಲು ಹೋಗದೆ, ತಮ್ಮ ಕಾಲಿನ ಒಂದು ದೊಡ್ಡ ಹಳೇ ಚಪ್ಪಲಿಯನ್ನು ಕಾಗದದಲ್ಲಿ ಸುತ್ತಿ ಅಂಚೆಯಲ್ಲಿ ಕಳಿಸಿಬಿಟ್ಟರು. ರಾಕ್ಷಸ ಇವತ್ತಿಗೂ ಅದೇ ಚಪ್ಪಲಿಯಲ್ಲಿ ಓಡಾಡುತ್ತಿದ್ದಾನೆ. ನಮ್ಮಲ್ಲಿ ಯಾರಿಗಾದರೂ ಅಂಚೆಯಲ್ಲಿ ಚಪ್ಪಲಿ ಬಂದರೆ ಅದರ ಅರ್ಥವೇ ಬೇರೆ. ಸಂಪಾದಕರಿಗೆ ಬಂದದ್ದಿದ್ದರೂ ಅವರು ಹೇಳಿಕೊಳ್ಳುವುದಿಲ್ಲ.

ಮೈಸೂರಿಗೇ ವಾಪಸು ಬರೋಣ. ಲಕ್ಷ್ಮಣ್ ಅವರಿಗೆ ಮನೆಯ ಹೊರಗೆ ಸಿಕ್ಕ ಮೊದಲ ಜೊತೆಗಾರರಲ್ಲಿ ಒಬ್ಬರು ಡಾಕ್ಟರು. ಬೆಂಗಳೂರಿನ ಮೆಜೆಸ್ಟಿಕ್ ಕಡೆ ವೈದ್ಯ ವೃತ್ತಿ ಮಾಡುತ್ತಿದ್ದ ಎಂ. ಶಿವರಾಂ, ಎಂದರೆ ನಮ್ಮ ರಾಶಿ, 1942ರಲ್ಲಿ ‘ಕೊರವಂಜಿ’ ಹಾಸ್ಯ ಮಾಸಪತ್ರಿಕೆ ಶುರುಮಾಡಿದರು. ಹಗಲೆಲ್ಲ ಜನರ ನಾಡಿ ಹಿಡಿಯುವುದು, ರಾತ್ರಿ ಅದೇ ಜನರನ್ನು ನಗಿಸಲು ಪ್ರೂಫು ತಿದ್ದುವುದು. ನಾ. ಕಸ್ತೂರಿಯವರ ಅನರ್ಥಕೋಶ, ಟಿ. ಸುನಂದಮ್ಮನವರ ಹಾಸ್ಯ, ಜೊತೆಗೆ ಕಾಲೇಜು ಹುಡುಗ ಲಕ್ಷ್ಮಣ್ ಅವರ ವ್ಯಂಗ್ಯಚಿತ್ರ. ಎರಡನೆಯ ಮಹಾಯುದ್ಧದ ಕಾಲ, ಅಕ್ಕಿಗೂ ಕಾಗದಕ್ಕೂ ಸಮಾನ ಬರ. ಒಂದು ಚಿತ್ರ ಅಚ್ಚಾಗಬೇಕೆಂದರೆ ಬ್ಲಾಕು ಮಾಡಿಸಬೇಕು. ಚಿತ್ರವನ್ನು ಸತುವಿನ ತಗಡಿನ ಮೇಲೆ ಇಳಿಸಿ, ಗೆರೆಯನ್ನಷ್ಟೇ ಉಳಿಸಿ ಮಿಕ್ಕದ್ದನ್ನು ಆಸಿಡ್ಡಿಗೆ ತಿನ್ನಿಸಿ, ಮರದ ತುಂಡಿಗೆ ಮೊಳೆ ಹೊಡೆದು, ಅಚ್ಚಿನ ಮೊಳೆಗಳ ಪಕ್ಕ ಕೂರಿಸಬೇಕು. ಬ್ಲಾಕಿಗೆ ಚದರ ಇಂಚಿನ ಲೆಕ್ಕದಲ್ಲಿ ದುಡ್ಡು. ಕಲಾವಿದನ ಗೆರೆಗೆ ಬಿಗಿ ಬಂದದ್ದಕ್ಕೆ ಕಲೆಯಷ್ಟೇ ಈ ಚದರ ಇಂಚೂ ಕಾರಣ ಎಂದು ನನ್ನ ಅಂದಾಜು. ಒರಟು ಕಾಗದದ ಮೇಲೆ ನವಿರಾದ ಛಾಯೆ ಹಾಕಿದರೆ ಮಸಿ ಮೆತ್ತಿ ಹೀರೋನ ಮುಖ ಬೆಂಡೇಕಾಯಿ ಹುಳಿಯಾಗುತ್ತದೆ. ಗಟ್ಟಿ ಕಪ್ಪು ಗೆರೆ, ಸುತ್ತ ಬಿಳಿ. ಹಾಗೆ ಬರೆದರೇ ಉಳಿಗಾಲ. ಆದ್ದರಿಂದ ಕಥೆಗಾರ ಮತ್ತು ಚಿತ್ರಗಾರರ ಪಾಲುದಾರಿಕೆಯಲ್ಲಿ ಮೂರನೆಯವನೊಬ್ಬ ಇದ್ದ, ಬ್ಲಾಕಿನವನು. ಅವನ ಹೆಸರು ಇರುವೆ ಸಾಲಿನಲ್ಲೂ ಬರಲಿಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತು. ಲಕ್ಷ್ಮಣ್ ಮುಂಬಯಿಗೆ ಹೋದರು, ಅವರ ವ್ಯಂಗ್ಯಚಿತ್ರಕ್ಕೆ ಚೌಕುಳಿ ಕೋಟಿನ ಶ್ರೀಸಾಮಾನ್ಯ ಬಂದ, ಅರ್ಧ ಶತಮಾನ ಒಂದು ಮಾತನ್ನೂ ಆಡದೆ ದೇಶವನ್ನೇ ನೋಡುತ್ತ ನಿಂತ. ನಡುನಡುವೆ ಇತರರ ಜೊತೆ ಸಣ್ಣಪುಟ್ಟ ಕೂಡಾವಳಿ. 1954ರಲ್ಲಿ ಏಷ್ಯನ್ ಪೇಂಟ್ಸ್‌ಗೆ ಬಣ್ಣದ ಡಬ್ಬ, ಬ್ರಷ್ಷು ಹಿಡಿದ ತುಂಟ ಗಟ್ಟು. ಹೆಂಡತಿ ಕಮಲಾ ಅವರು ಮಕ್ಕಳಿಗಾಗಿ ಬರೆದ ಆನೆಮರಿ ಥಾಮಾನ ಕಥೆಗಳಿಗೆ ಚಿತ್ರ. ಹೆಂಡತಿ ಬರೆದದ್ದಕ್ಕೆ ಗಂಡ ಚಿತ್ರ ಬರೆಯುವಾಗ ಸ್ಕೂಟರನ್ನು ಸೈಕಲ್ ಮಾಡುವ ಸ್ವಾತಂತ್ರ್ಯ ಎಷ್ಟರಮಟ್ಟಿಗೆ ಇರುತ್ತದೆ ಎಂಬುದನ್ನು ಗೃಹಸ್ಥರು ಊಹಿಸಿಕೊಳ್ಳಬಹುದು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅಗ್ಗದ ವಿಮಾನ ಶುರುಮಾಡಿದಾಗ ಏರ್ ಡೆಕ್ಕನ್ನಿನ ಲಾಂಛನಕ್ಕೆ ಅದೇ ಶ್ರೀಸಾಮಾನ್ಯನನ್ನು ಕೇಳಿ ಪಡೆದರು. ರೇಷನ್ ಕ್ಯೂನಲ್ಲಿ ನಿಂತು ಸವೆದ ಮೈಸೂರು ಸಂತಾನ ಕೊನೆಗೂ ಬೆಂಗಳೂರಿನಿಂದ ವಿಮಾನ ಹತ್ತಿತು, ಅದೇ ಪಂಚೆಯಲ್ಲಿ.

ನಾನು ಹೇಳಬೇಕೆಂದಿದ್ದ ದೊಡ್ಡ ಕೂಡಾವಳಿ ಇದಲ್ಲ. ಅದು 1986–87ರಲ್ಲಿ, ಊರಿಗೊಂದು ಟೀವಿ ಇದ್ದಾಗ, ಟೀವಿ ಇದ್ದವರ ಮನೆಯಲ್ಲಿ ಚಪ್ಪಲಿ ಬಿಡಲು ಜಾಗವಿಲ್ಲದಾಗ ಆದದ್ದು. ‘ಮಾಲ್ಗುಡಿ ಡೇಸ್’. ನಿರ್ಮಾಪಕ ಟಿ.ಎಸ್. ನರಸಿಂಹನ್, ನಿರ್ದೇಶನ ಶಂಕರ್‌ನಾಗ್, ಸಂಗೀತ ಎಲ್. ವೈದ್ಯನಾಥನ್, ಕಲಾ ನಿರ್ದೇಶನ ಶಿಲ್ಪಿ ಜಾನ್ ದೇವರಾಜ್. ಶುರುವಿನಲ್ಲಿ ಪರದೆಯ ಮೇಲೆ ಲಕ್ಷ್ಮಣ್ ಚಿತ್ರಗಳು ಒಂದೊಂದಾಗಿ ಬರುತ್ತಿದ್ದವು, ಹಿಂದೆ ಆ ರಾಗ. ನಮ್ಮ ಪಕ್ಕದ ಮನೆಯ ವಕೀಲರು ಕೋರ್ಟಿಗೆ ಹೋಗುವಾಗಲೂ ಅದನ್ನೇ ಗುನುಗುತ್ತಿದ್ದರು. ಚಿತ್ರಗಳು ಮುಗಿದ ಮರುಕ್ಷಣವೇ ನಿಜವಾದ ಮನುಷ್ಯರು ಅದೇ ಕೋಟು, ಅದೇ ಟೋಪಿ, ಅದೇ ಕೊಡೆಯಲ್ಲಿ ನಡೆದುಬರುತ್ತಿದ್ದರು. ಗೆರೆಗೆ ಜೀವ ಬಂದು ಎದ್ದು ನಡೆದಿದೆಯೋ, ನಡೆಯುವವರೇ ಸುಸ್ತಾಗಿ ಗೆರೆಯಾಗಿ ಕೂತಿದ್ದರೋ ತಿಳಿಯದ ಹಾಗೆ.

ಶಂಕರ್‌ನಾಗ್ ಹುಡುಕಿಕೊಂಡು ಹೋದದ್ದು ಮೈಸೂರಿಗಲ್ಲ, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಗೆ. ನಾರಾಯಣ್ ಕಲ್ಪಿಸಿದ್ದು ಬಯಲಿನ ಊರು, ನದಿಯ ದಂಡೆ, ಬಿಸಿಲು. ಆಗುಂಬೆ ಮಳೆಯ ಮನೆ. ಬಯಲಿನ ಊರನ್ನು ಘಟ್ಟದ ಮೇಲೆ ಕೂರಿಸಿದ್ದು, ನನ್ನ ಸ್ಕೂಟರನ್ನು ಸೈಕಲ್ ಮಾಡಿದ್ದಕ್ಕಿಂತ ದೊಡ್ಡ ಅಪರಾಧ. ಒಬ್ಬರೂ ತಕರಾರು ತೆಗೆಯಲಿಲ್ಲ. ಲಕ್ಷ್ಮಣ್ ರೇಖೆಗಳಲ್ಲಿದ್ದ ಹೆಂಚಿನ ಸೂರು, ಮರದ ಕಂಬ, ಜಗಲಿ ಆಗುಂಬೆಯಲ್ಲಿ ಆಗಲೇ ತಯಾರಾಗಿ ಕಾಯುತ್ತಿದ್ದವು. ಮೈಸೂರು ಆ ಹೊತ್ತಿಗೆ ಅರ್ಧ ಸಿಮೆಂಟಾಗಿತ್ತು. ಕಥೆಯ ಹುಡುಗ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ ಕಾರ್ನಾಡ. ಈಗ ಯಾರಾದರೂ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಎಂದರೆ ನಿಮ್ಮ ಕಣ್ಣೆದುರಿಗೆ ಬರುವ ಮುಖ ಯಾರದು? ನಾರಾಯಣ್ ಬರೆದದ್ದೋ, ಲಕ್ಷ್ಮಣ್ ಬರೆದದ್ದೋ, ಮಂಜುನಾಥನದೋ? ನನಗಂತೂ ಮೂರೂ ಒಂದರ ಮೇಲೊಂದು ಕೂತು, ಒಮ್ಮೆ ಕಾಗದದ ಹುಡುಗ ಇಣುಕುತ್ತಾನೆ, ಒಮ್ಮೆ ಟೀವಿಯ ಹುಡುಗ. ವಕೀಲರನ್ನು ಕೇಳಿದೆ, ಇಂಥ ಆಸ್ತಿಗೆ ಪಾಲುಪಟ್ಟಿ ಹೇಗೆ ಮಾಡುತ್ತೀರಿ ಎಂದು. ‘ಅಳತೆಗೆ ಸಿಗೋದಿಲ್ಲ ಕಣ್ರೀ. ಸರ್ವೆಯವರು ಚೈನು ಹಿಡಿದು ನಿಂತ್ಕೋತಾರೆ ಅಷ್ಟೆ’ ಎಂದರು.

ಇನ್ನೊಂದು ವಿಚಿತ್ರ ಇದೆ. ನಾರಾಯಣ್ 1930ರ ವಿಜಯದಶಮಿಯಂದು, ಅಜ್ಜಿ ಗೊತ್ತುಮಾಡಿದ ಶುಭದಿನದಲ್ಲಿ, ಬೆಂಗಳೂರಿನಲ್ಲಿ ಕೂತು ಬರೆಯಲು ಶುರುಮಾಡಿದಾಗ ಮಾಲ್ಗುಡಿಯಲ್ಲಿ ಮೊದಲು ಕಂಡದ್ದು ಊರಲ್ಲ, ರೈಲ್ವೆ ಸ್ಟೇಷನ್ನು. ಇನ್ನೂ ಬೀದಿಯಿಲ್ಲ, ಮನೆಯಿಲ್ಲ, ಸ್ವಾಮಿಯೂ ಸರಿಯಾಗಿ ಹುಟ್ಟಿಲ್ಲ, ಸ್ಟೇಷನ್ ಮಾತ್ರ ಸಿದ್ಧ. ಧಾರಾವಾಹಿಗೆ ಆ ಸ್ಟೇಷನ್ ಆಗಿದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು. 2020ರಲ್ಲಿ ಅಲ್ಲಿನ ಹಳೆಯ ಕಟ್ಟಡವನ್ನು ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿದರು. ಅದನ್ನು ರೂಪಿಸಿದವರೂ ಅದೇ ಜಾನ್ ದೇವರಾಜ್. ತೊಂಬತ್ತು ವರ್ಷದ ಹಿಂದೆ ಒಬ್ಬರ ತಲೆಯಲ್ಲಿದ್ದ ಸ್ಟೇಷನ್ನಿಗೆ ರೈಲ್ವೆ ಇಲಾಖೆಯೇ ಬೋರ್ಡು ಹಾಕಿತು. ನಾರಾಯಣ್ 2001ರಲ್ಲಿ, ಲಕ್ಷ್ಮಣ್ 2015ರಲ್ಲಿ ತೀರಿಕೊಂಡಿದ್ದರು. ಶಂಕರ್‌ನಾಗ್ 1990ರಲ್ಲೇ. ಇದನ್ನು ಮೂವರಲ್ಲಿ ಒಬ್ಬರೂ ನೋಡಲಿಲ್ಲ. ನಾನು ಹೋಗಿದ್ದೆ. ಪ್ಲಾಟ್‌ಫಾರಮ್ಮಿನ ಬೆಂಚಿನಲ್ಲಿ ಒಬ್ಬ ಅಜ್ಜ ಪಂಚೆ ಉಟ್ಟು, ಕೊಡೆ ಊರಿಕೊಂಡು ಕೂತಿದ್ದರು. ಇದೂ ವಸ್ತುಸಂಗ್ರಹಾಲಯದ ಬೊಂಬೆಯೇ ಎಂದು ಹತ್ತಿರ ಹೋಗಿ ಬಗ್ಗಿ ನೋಡಿದೆ. ‘ಟೈಮ್ ಎಷ್ಟಾಯ್ತು ಮಾರಾಯ್ರೆ?’ ಎಂದರು.

ಚಿತ್ರಗಾರರು ಕಥೆಯನ್ನು ಹೀಗೆ ಸದ್ದಿಲ್ಲದೆ ತಮ್ಮ ಹೆಸರಿಗೆ ಖಾತೆ ಮಾಡಿಸಿಕೊಂಡದ್ದಕ್ಕೆ ಇನ್ನೂ ಸಾಕ್ಷಿಗಳಿವೆ. ಚಂದಮಾಮದ ಬೇತಾಳನ ಕಥೆಗಳಲ್ಲಿ ಒಂದೂ ನನಗೆ ಪೂರ್ತಿ ನೆನಪಿಲ್ಲ. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಸ್ಮಶಾನದಲ್ಲಿ ನಡೆಯುವ ವಿಕ್ರಮ, ಇಷ್ಟು ಮಾತ್ರ ಕಣ್ಣು ಮುಚ್ಚಿದರೂ ಕಾಣುತ್ತದೆ. ಅದನ್ನು ಬರೆದ ಶಂಕರ್ ಚಂದಮಾಮಕ್ಕಾಗಿ ಸುಮಾರು ಆರು ದಶಕ ಕೆಲಸ ಮಾಡಿದರು. ಅದೇ ಚಂದಮಾಮದ ಮುಖಪುಟಕ್ಕೆ ಮಹಾಭಾರತದ ಚಿತ್ರಗಳನ್ನು ಬರೆದವರು ನಮ್ಮ ಎಂ.ಟಿ.ವಿ. ಆಚಾರ್ಯ. ವ್ಯಾಸರು ಬರೆದರು, ಗಣಪತಿ ಬರೆದುಕೊಂಡ, ಸರಿ. ಆದರೆ ನಮ್ಮ ತಲೆಮಾರಿನ ಎಷ್ಟೋ ಮನೆಗಳಲ್ಲಿ ಭೀಷ್ಮನ ಗಡ್ಡ ಎಷ್ಟುದ್ದ ಎಂದು ತೀರ್ಮಾನಿಸಿದವರು ಆಚಾರ್ಯರು.

ಜೋಡಿ ಕೆಲಸ ಕಣ್ಣೆದುರಿಗೇ ನಡೆಯುವುದನ್ನು ನೋಡಬೇಕಾದರೆ ಬಿ.ಕೆ.ಎಸ್. ವರ್ಮಾ ಅವರನ್ನು ನೋಡಬೇಕಿತ್ತು. ವೇದಿಕೆಯ ಒಂದು ಕಡೆ ಶತಾವಧಾನಿ ಗಣೇಶರು ಆಶುವಾಗಿ ಪದ್ಯ ಕಟ್ಟುವುದು, ಇನ್ನೊಂದು ಕಡೆ ವರ್ಮಾ ಆಶುವಾಗಿ ಚಿತ್ರ ಬರೆಯುವುದು. ಪ್ರೇಕ್ಷಕರಿಗೆ ಕಿವಿ ಒಂದು ಕಡೆ, ಕಣ್ಣು ಒಂದು ಕಡೆ, ಕುತ್ತಿಗೆಗೆ ಮಾತ್ರ ವಿಪರೀತ ವ್ಯಾಯಾಮ. ಪದ್ಯ ಕೇಳಿ ಚಿತ್ರವೋ ಚಿತ್ರ ನೋಡಿ ಪದ್ಯವೋ ಎಂದು ನಾನು ಒಂದು ಸಲ ಪತ್ತೇದಾರಿಗೆ ಕೂತೆ. ಕಪ್ಪು ಮಸಿಯ ಒಂದು ಬೀಸು ಬಿತ್ತು. ಅದು ಮೋಡವೋ ಜಡೆಯೋ ಎಂದು ಸಭೆ ಗೊಂದಲದಲ್ಲಿದ್ದಾಗಲೇ ಪದ್ಯ ಮುಗಿಯಿತು, ಚಪ್ಪಾಳೆ ಬಿತ್ತು, ಚಪ್ಪಾಳೆ ಮುಗಿಯುವುದರೊಳಗೆ ಮೋಡವೂ ಅಲ್ಲದೆ ಜಡೆಯೂ ಅಲ್ಲದೆ ಅದು ಶಿವನಾಗಿತ್ತು. ನನ್ನ ಪತ್ತೇದಾರಿಕೆ ಅಲ್ಲಿಗೆ ವಜಾ. ಸಂಜೆ ಐದಕ್ಕೆ ಚಿತ್ರ ಬೇಕು ಎಂದು ಅವಸರ ಮಾಡುವ ಉಪಸಂಪಾದಕರನ್ನು ಆ ಸಭೆಗೆ ಕಳಿಸಬೇಕಿತ್ತು. ಆಮೇಲೆ ಹತ್ತು ನಿಮಿಷದಲ್ಲೇ ಬೇಕು ಎನ್ನುತ್ತಿದ್ದರೇನೋ.

ನನ್ನ ಸೈಕಲ್ಲಿಗೆ ಬರುತ್ತೇನೆ, ಅದನ್ನು ಗೇಟಿನ ಮುಂದೆಯೇ ಬಿಟ್ಟು ಬಂದಿದ್ದೆ. ಹತ್ತು ವರ್ಷ ಕಳೆದು ಕಥೆಗಳನ್ನೆಲ್ಲ ಕೂಡಿಸಿ ಪುಸ್ತಕ ಮಾಡುವ ಯೋಗ ಬಂತು. ಪ್ರಕಾಶಕರಿಗೆ ಕೊಡುವ ಮುಂಚೆ ಒಂದು ರಾತ್ರಿ ಬಾಗಿಲು ಹಾಕಿಕೊಂಡು ಆ ಕಥೆ ತೆಗೆದೆ. ಒಂದು ಪುಟದ ಕಿಕ್ಕು, ಪ್ಲಗ್ಗು, ಪೆಟ್ರೋಲು ಎಲ್ಲವನ್ನೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಸ್ಕೂಟರಿನ ಜಾಗದಲ್ಲಿ ಸೈಕಲ್ ಎಂದು ತಿದ್ದಿದೆ. ತಮ್ಮ ಗೇಟಿನ ಮುಂದೆ ಹ್ಯಾಂಡಲ್ ಹಿಡಿದು ಸುಮ್ಮನೆ ನಿಂತ. ಕಥೆ ಒಂದು ಪುಟ ಸಣ್ಣದಾಯಿತು, ವಾಸಿಯೂ ಆಯಿತು. ಹೆಂಡತಿಗೂ ಹೇಳಲಿಲ್ಲ. ಮುಖಪುಟಕ್ಕೆ ಅದೇ ಕಲಾವಿದರೇ ಆಗಬೇಕು ಎಂದು ಪ್ರಕಾಶಕರಲ್ಲಿ ಹಟ ಹಿಡಿದೆ. ಈ ಸಲ ಫೋನಿನ ಗೊಡವೆಯೇ ಬೇಡ ಎಂದು ಕಥೆಯ ಹಳೆಯ ಕಟಿಂಗನ್ನೇ ಅವರ ಮಹಡಿಗೆ ಮುಟ್ಟಿಸಲು ಹೇಳಿದೆ. ತಿದ್ದಿದ ಪ್ರತಿ ಅಚ್ಚಿನ ಮನೆಯಲ್ಲಿತ್ತು.

ಅವರು ಮೊದಲ ಸಲ ಕಥೆಯನ್ನು ಅಕ್ಷರ ಬಿಡದೆ ಓದಿದರಂತೆ. ತಮ್ಮ ಹಳೆಯ ತಪ್ಪಿಗೆ ಬಹಳ ನೊಂದುಕೊಂಡರಂತೆ. ಪುಸ್ತಕ ಬಂದಾಗ ನೋಡುತ್ತೇನೆ, ಮುಖಪುಟದ ತುಂಬ ಗೇಟು, ಕೊಂಬೆ, ಗೇಟಿನ ಮುಂದೆ ಅಚ್ಚುಕಟ್ಟಾದ ಒಂದು ಸ್ಕೂಟರು. ಕಿಕ್ಕರ್ ಕೂಡ ಬಿಟ್ಟಿಲ್ಲ.